ಶಿವಯೋಗೆಪ್ಪನ ಮುಯ್ಯಾಳು

ತಿಕೋಟಾದಲ್ಲಿ ಮೋಟಾರಿನಿಂದ ಇಳಿಯುವ ಹೊತ್ತಿಗೆ ಶಿವಯೋಗೆಪ್ಪ ತನ್ನ ಊರನ್ನು ಹೆಂಡತಿಗೆ ಪೂರ್ತಿ ವರ್ಣಿಸಿ ಮುಗಿಸಿದ್ದ. ಬಿಳಿಹಾಳದ ಗಾಳಿ, ಬಿಳಿಹಾಳದ ಬಾವಿಯ ನೀರು, ಬಿಳಿಹಾಳದ ಮಂದಿ. ಮಂದಿಯ ಮಾತು ಬಂದಾಗಲೆಲ್ಲ ಅವನ ದನಿ ಬೆಣ್ಣೆಯಂತೆ ಮೆತ್ತಗಾಗುತ್ತಿತ್ತು.

"ನಾ ಬಂದೇನಿ ಅಂತ ಗೊತ್ತಾಗೂದ ತಡ, ಅಗಸಿ ತನಕಾ ಓಡಿ ಬರತಾರ ನೋಡು. ನಿನಗ ಚಾಪಿ ಹಾಸಾಕ ಮನಿಮನಿಗೆ ಜಗಳ ಬೀಳತೈತಿ."

"ಮಗಳು ಹುಟ್ಟೂಕಿಂತ ಮೊದಲ ಬಿಟ್ಟ ಊರ್ರಿ ಅದು. ಮಗಳ ಮದುವಿ ಬಂದಾಗ ನೆಪ್ಪಾಗೇತಿ ನಿಮಗ," ಎಂದಳು ಶಂಕ್ರೆವ್ವ. "ಜಗಳಂತೂ ಬೀಳತೈತಿ. ಚಾಪಿ ಸಲುವಾಗಿ ಅಲ್ಲ."

ಶಿವಯೋಗೆಪ್ಪ ಕೇಳಿಸದವನಂತೆ ಕರಿ ಟೊಪ್ಪಿಗೆಯನ್ನು ಸರಿಮಾಡಿಕೊಂಡ. ಅವನು ಊರು ಬಿಟ್ಟಾಗ ಬಿಜಾಪುರ ಮುಂಬಯಿಗೆ ಸೇರಿತ್ತು. ಈಗ ಮೈಸೂರಿಗೆ ಸೇರಿ ಐದಾರು ವರ್ಷ. ಅಷ್ಟರಲ್ಲಿ ಅವನು ಬಿಜಾಪುರದ ಜೋರಾಪುರ ಪೇಟೆಯಲ್ಲಿ ಸೋದರಮಾವನ ಪಾತ್ರೆ ಭಾಂಡೆ ಅಂಗಡಿಗೆ ಯಜಮಾನನಾಗಿ, ಹೊಟ್ಟೆ ಬೆಳೆಸಿ, ಕೋಟು ಹೊಲಿಸಿಕೊಂಡಿದ್ದ. ಪ್ರತಿ ವರ್ಷ ಊರಿಗೆ ಹೋಗಬೇಕು ಎನ್ನುತ್ತಿದ್ದ. ಪ್ರತಿ ವರ್ಷವೂ ಲಗ್ನದ ಸುಗ್ಗಿ ಬಂದು, ಹಿತ್ತಾಳೆ ಕೊಡಗಳಿಗೆ ಗಿರಾಕಿ ಕೂಡಿ, ಊರು ಹಿಂದಕ್ಕೆ ಉಳಿಯುತ್ತಿತ್ತು.

ಈಗ ಹೋಗದೆ ಗತಿ ಇರಲಿಲ್ಲ. ಕಾರಣ ಬಬಲೇಶ್ವರದ ಅಮರಪ್ಪ.

ಅಮರಪ್ಪ ಮಗನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದಿದ್ದ. ಶಿವಯೋಗೆಪ್ಪನ ಮಗಳು ಅಕ್ಕನಾಗಮ್ಮ ಅವನಿಗೆ ಮನಸ್ಸಿಗೆ ಬಂದಳು. ಅವಲಕ್ಕಿಯೂ ಮನಸ್ಸಿಗೆ ಬಂತು, ಎರಡು ಸಲ ಹಾಕಿಸಿಕೊಂಡ. ಕೈ ತೊಳೆದು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಾಗ ಕೇಳಿದ:

"ಸಾವಕಾರ್ರ, ನಿಮ್ಮದು ಯಾವ ಊರ್ರಿ?"

"ಇದ ಊರಲ್ರೀ, ಬಿಜಾಪುರ."

"ಇದು ಪ್ಯಾಟಿ. ನಾ ಕೇಳಿದ್ದು ಊರು."

ಬಿಳಿಹಾಳದ ಹೆಸರು ಹೇಳಿದ ಮೇಲೆ ಅಮರಪ್ಪ ತಲೆಯಾಡಿಸಿದ. "ಹಂಗಾರ ಬರೂ ಗುರುವಾರ ನಿಶ್ಚಯಕ್ಕ ಆ ಊರ ಹಿರ್ಯಾರು ನಾಕ ಮಂದಿ ಬಂದು ನಿಮ್ಮ ಮಗ್ಗಲಕ ಕುಂಡರ್ಲಿ. ಆವಾಗ ನಾ ಒಪ್ಪಿಗಿ ಸಕ್ರಿ ಬಾಯಾಗ ಹಾಕೋತೀನಿ. ಭಾಂಡೆ ಅಂಗಡಿ ಇವತ್ತ ಇಲ್ಲಿರತೈತಿ, ನಾಳೆ ಸೊಲ್ಲಾಪುರಕ್ಕ ಹೋಗತೈತಿ. ನಾಳೆ ಏನರೆ ಒಂದು ಮಾತು ಬಂದ್ರ ನಾ ಯಾರನ್ನ ಕೇಳ್ಲಿ? ಊರು ಇಲ್ಲದವರ ಮನಿಯಿಂದ ನಾ ಹೆಣ್ಣು ತರಾವಲ್ಲ."

"ನಾಕ ಮಂದಿ ಯಾಕ್ರಿ, ಇಡೀ ಊರ ಚಕ್ಕಡಿ ಹೂಡ್ಕೊಂಡು ಬರತೈತಿ," ಎಂದುಬಿಟ್ಟಿದ್ದ ಶಿವಯೋಗೆಪ್ಪ.

ಅಡುಗೆಮನೆಯ ಬಾಗಿಲ ಸಂದಿಯಿಂದ ಹುಡುಗನನ್ನು ನೋಡಿಕೊಂಡಿದ್ದ ಅಕ್ಕನಾಗಮ್ಮ ಅಂದಿನಿಂದ ದೀಪ ಹಚ್ಚುವ ಹಿತ್ತಾಳೆಯ ಸಮಯಿಯೊಂದನ್ನೇ ದಿನಾ ಹುಣಸೆ ಹಚ್ಚಿ ತಿಕ್ಕುತ್ತಿದ್ದಳು. ಸಮಯಿ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು.

ಹೀಗಾಗಿ ಈ ಪ್ರಯಾಣ. ಗೆಳೆಯ ಅಮಸಿದ್ದನಿಗೆ ಕೊಡಲೆಂದು ಅಂಗಡಿಯಿಂದ ಒಂದು ತಾಮ್ರದ ಕೊಡ ಆರಿಸಿ, ಅರಿವೆಯಲ್ಲಿ ಸುತ್ತಿ ಹೆಂಡತಿಯ ಕಂಕುಳಿಗೆ ಕೊಟ್ಟಿದ್ದ. ಕನಮಡಿ ಕಡೆಗೆ ಹೊರಟಿದ್ದ ಒಂದು ಚಕ್ಕಡಿಯವನು ಇಬ್ಬರನ್ನೂ ಬಿಳಿಹಾಳದ ಅಗಸಿ ಬಾಗಿಲ ಮುಂದೆ ಇಳಿಸಿದ.

ಅಗಸಿಯಲ್ಲಿ ಒಂದು ನಾಯಿ ಮಲಗಿತ್ತು. ಅದು ಒಂದು ಕಣ್ಣು ತೆರೆದು, ಕೋಟು ನೋಡಿ, ಮತ್ತೆ ಮುಚ್ಚಿತು. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಎಷ್ಟ ಶಾಂತ ಐತಿ ನೋಡು ನಮ್ಮೂರು," ಎಂದ ಶಿವಯೋಗೆಪ್ಪ.

"ಶಾಂತ ಅಲ್ರಿ. ಖಾಲಿ ಐತಿ."

ಅಮಸಿದ್ದನ ಮನೆಯ ಕಟ್ಟೆಯ ಮೇಲೆ ಅವನ ತಾಯಿ ಬೋರವ್ವ ಒಬ್ಬಳೇ ಉಣ್ಣೆ ನೂಲುತ್ತ ಕುಳಿತಿದ್ದಳು. ಶಿವಯೋಗೆಪ್ಪ ಬಾಗಿ ಕಾಲು ಮುಟ್ಟಿದ. "ನಾನ ಬೇ ಯವ್ವಾ, ಶಿವಯೋಗಿ."

ಮುದುಕಿ ನೂಲುವುದನ್ನು ನಿಲ್ಲಿಸಲಿಲ್ಲ. "ಹೊತ್ತು ಮಾಡಿದೆಲ್ಲೋ ಯಪ್ಪಾ. ನಸುಕಿನ್ಯಾಗ ಬರ್ತೀನಿ ಅಂದಿದ್ದಿ. ಅಮಸಿದ್ದ ನಿನ್ನ ಹಾದಿ ನೋಡಿ ನೋಡಿ ಹೊಲಕ್ಕ ಹೋದ. ಜ್ವಾಳಾ ಕೀಳಾಕತ್ತಾರ, ನಡಿ ಲಗೂನ."

"ಪಾಪ, ವಯಸ್ಸಾಗೇತಿ," ಎಂದು ಶಿವಯೋಗೆಪ್ಪ ಹೊಲದ ದಾರಿಯಲ್ಲಿ ಹೆಂಡತಿಗೆ ಹೇಳಿದ. "ಇಂದ್ಯಾವುದು ಅಂದ್ಯಾವುದು ತಿಳಿಯೂದಿಲ್ಲ."

ಬೋರವ್ವನಿಗೆ ಎಲ್ಲವೂ ತಿಳಿದಿತ್ತೆಂಬುದು ಹೊಲಕ್ಕೆ ಹೋದಮೇಲೆ ಗೊತ್ತಾಯಿತು.

ಎರೆ ಹೊಲದಲ್ಲಿ ಆಳುದ್ದದ ಬಿಳಿಜೋಳ ಬಲಿತು ನಿಂತಿತ್ತು. ಆ ಕಡೆ ಜೋಳವನ್ನು ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ಗಂಡಸರು ಹೆಂಗಸರು ಸಾಲು ಹಿಡಿದು, ಬಗ್ಗಿ, ಎರಡೂ ಕೈಯಲ್ಲಿ ದಂಟು ಹಿಡಿದು ಜಗ್ಗಿ, ಬೇರಿನ ಮಣ್ಣನ್ನು ಕಾಲಿಗೆ ಬಡಿದು ಹಿಂದೆ ಹಾಕುತ್ತಿದ್ದರು. ನಡುವೆ ತೆಳ್ಳಗೆ ಉದ್ದಕ್ಕೆ ಇದ್ದವನು ಅಮಸಿದ್ದ. ಅವನ ಮಗ್ಗುಲಲ್ಲಿ ಊರ ಹಿರಿಯ ಮಲಕಾಜಪ್ಪ; ಅವನ ಮೀಸೆಯೂ ಮುಖವೂ ಒಂದೇ ಸಮ ಸಿಟ್ಟಾಗಿ ಕಾಣುತ್ತಿದ್ದವು.

ಅಮಸಿದ್ದ ತಲೆ ಎತ್ತಿ ನೋಡಿದ. ಓಡಿ ಬರಲಿಲ್ಲ, ಅಪ್ಪಿಕೊಳ್ಳಲಿಲ್ಲ.

"ಬಾ ಶಿವಯೋಗಿ. ನಿನ್ನ ಸಾಲು ಅಲ್ಲೇ ಬಿಟ್ಟೇವಿ ನೋಡು. ಕೋಟು ಕಳದಿಡು, ಮಣ್ಣ ಹಾರತೈತಿ."

"ಏನ ಸಾಲೋ?"

"ಏನ ಸಾಲು ಅಂತಾನಲ್ಲೋ ಇಂವ!" ಎಂದ ಮಲಕಾಜಪ್ಪ. "ಮುಯ್ಯಾ ತೀರಸಾಕ ಬಂದಿಲ್ಲೇನ ಮತ್ತ ನೀ?"

ಊರಿನಲ್ಲಿ ಕೂಲಿಗೆ ಆಳು ಹಚ್ಚುವ ಪದ್ಧತಿ ಕಡಿಮೆ. ಇವತ್ತು ನೀನು ನನ್ನ ಹೊಲದಲ್ಲಿ ದುಡಿ, ನಾಳೆ ನಾನು ನಿನ್ನ ಹೊಲದಲ್ಲಿ ದುಡಿಯುತ್ತೇನೆ. ಅದಕ್ಕೆ ಮುಯ್ಯಾಳು ಎನ್ನುತ್ತಾರೆ, ಆ ಋಣಕ್ಕೆ ಮುಯ್ಯಾ. ಊರು ಬಿಟ್ಟ ವರ್ಷ ಶಿವಯೋಗೆಪ್ಪನ ಜೋಳವನ್ನು ಅಮಸಿದ್ದ ಬೆನ್ನು ಮುರಿಯುವಂತೆ ಕಿತ್ತುಕೊಟ್ಟಿದ್ದ. ನಾಳೆ ನಸುಕಿಗೆ ನಿನ್ನ ಹೊಲಕ್ಕೆ ಬರುತ್ತೇನೆಂದು ಹೇಳಿ, ಆ ನಸುಕಿನಲ್ಲೇ ಶಿವಯೋಗೆಪ್ಪ ಸೋದರಮಾವನ ಚಕ್ಕಡಿ ಹತ್ತಿ ಬಿಜಾಪುರಕ್ಕೆ ಹೋಗಿದ್ದ. ನಾಲ್ಕು ದಿನಕ್ಕೆಂದು ಹೋದದ್ದು ಇಷ್ಟು ವರ್ಷವಾಯಿತು.

ಅದನ್ನು ಅವನು ಮರೆತಿದ್ದ. ಊರು ಮರೆತಿರಲಿಲ್ಲ; ಮರೆಯುವುದಕ್ಕೆ ಅದಕ್ಕೆ ಬೇರೆ ಕೆಲಸವೇನಿತ್ತು?

ಅವನು ನಗುತ್ತಲೇ ಮಗಳ ವಿಷಯ ತೆಗೆದ. ಬಬಲೇಶ್ವರದ ಒಳ್ಳೆ ಮನೆತನ, ಗುರುವಾರ ನಿಶ್ಚಯ, ನಾಲ್ವರು ಹಿರಿಯರು ಬಂದು ಕುಳಿತರೆ ಸಾಕು ಎಂದ. ಹೇಳುತ್ತ ಹೇಳುತ್ತ ಹೆಂಡತಿಯ ಕಂಕುಳಿಂದ ಕೊಡ ತೆಗೆದು ಅರಿವೆ ಬಿಚ್ಚಿದ. ಬಿಸಿಲಿಗೆ ತಾಮ್ರ ಝಗ್ಗೆಂದಿತು.

ಅಮಸಿದ್ದ ಕೊಡವನ್ನು ಸುತ್ತಿ ಬಂದು ನೋಡಿದ. ಬೆರಳಿನಿಂದ ಬಡಿದು ದನಿ ಕೇಳಿದ. "ಛಲೋ ಐತಿ. ಜ್ವಾಳಾ ಕೀಳತೈತೇನು?"

ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

"ಹಂಗಲ್ಲೋ. ಒಬ್ಬ ಆಳನ್ನ ಹಚ್ಚಿ ಕಳಸ್ತೀನಿ. ಗಟ್ಟಿ ಆಳು. ನನಗಿಂತ ಚಂದ ಕೀಳತಾನ."

"ಕಳಸು. ಅಂವನ ಮಗಳ ನಿಶ್ಚಯಕ್ಕ ಬರ್ತೀವಿ ಹಂಗಾರ," ಎಂದ ಅಮಸಿದ್ದ.

ಶಂಕ್ರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ಅಣ್ಣಾ, ನಾ ಕೀಳತೀನಿ ಬಿಡ್ರಿ. ನಾನೂ ಒಕ್ಕಲಿಗರ ಮನಿ ಮಗಳ. ಇವರು ಬಗ್ಗಿದ್ರ ಏಳಸಾಕ ಮತ್ತ ನಾಕ ಮಂದಿ ಬೇಕು."

"ನೀ ಕುಂಡ್ರು ತಂಗಿ. ನಾ ಕಿತ್ತ ಜ್ವಾಳದ ರೊಟ್ಟಿ ಉಂಡಂವ ಇಂವ. ಆವಾಗ ನೀ ಎಲ್ಲಿದ್ದಿ?" ಎಂದು ಅಮಸಿದ್ದ ಮತ್ತೆ ಬಗ್ಗಿದ. "ಇವತ್ತ ಸಾಲು ಮುಗಸು ಶಿವಯೋಗಿ, ಗುರುವಾರ ಬರ್ತೀವಿ. ಮುಗಸಲಿಲ್ಲ, ನಮ್ಮ ಹಾದಿ ನೋಡಬ್ಯಾಡ. ನಾನೂ ನಿನ್ನ ಹಾದಿ ಭಾಳ ನೋಡೇನಿ."

ಶಿವಯೋಗೆಪ್ಪನ ಕಣ್ಣ ಮುಂದೆ ಖಾಲಿ ಜಮಖಾನದ ಮೇಲೆ ಅಮರಪ್ಪ ಒಬ್ಬನೇ ಕುಳಿತು ಎಲೆ ಅಡಿಕೆ ಅಗಿಯುವುದು ಕಂಡಿತು. ಅದರ ಹಿಂದೆ ಹೊಳೆಯುವ ಸಮಯಿ ಕಂಡಿತು. ಅವನು ಕೋಟು ಬಿಚ್ಚಿದ. ಧೋತರ ಎತ್ತಿ ಕಟ್ಟಿದ. ಟೊಪ್ಪಿಗೆಯನ್ನು ಕೊಡದ ಮೇಲೆ ಇಟ್ಟ.

"ಬಿಳಿಹಾಳದಾಗ ಹುಟ್ಟಿದಂವ ನಾ. ಮೈ ಮರಿತೈತೇನು?"

ಮೈ ಮರೆತಿತ್ತು. ಮೊದಲನೆಯ ದಂಟನ್ನು ಅವನು ಎಷ್ಟು ಜೋರಾಗಿ ಜಗ್ಗಿದನೆಂದರೆ, ದಂಟು ಅಲ್ಲೇ ಉಳಿದು ಅವನು ಹಿಂದಕ್ಕೆ ಬಿದ್ದ. ಎರಡನೆಯದು ಬಂತು, ಬೇರಿನ ಮಣ್ಣೆಲ್ಲ ಬಾಯಿಗೆ ಬಂತು. ಮೂರನೆಯದಕ್ಕೆ ಸೊಂಟದಲ್ಲಿ ಏನೋ ಚಟ್ಟೆಂದಿತು.

"ಸಾವಕಾರ್ರ, ಅದು ಗಿರಾಕಿ ಅಲ್ಲ, ಜಗ್ಗ್ಯಾಡಬ್ಯಾಡ್ರಿ," ಎಂದಳೊಬ್ಬಳು.

"ತೂಕಾ ನೋಡಾಕತ್ತಾರ ತಡಿ," ಎಂದಳು ಇನ್ನೊಬ್ಬಳು.

ಬೇವಿನ ಗಿಡದ ನೆರಳಲ್ಲಿ ಶಂಕ್ರೆವ್ವನ ಸುತ್ತ ಹೆಂಗಸರು ಸರದಿಯಂತೆ ಬಂದು ದಣಿವಾರಿಸಿಕೊಂಡು ಹೋಗುತ್ತಿದ್ದರು. ಗಂಡ ಮನೆಯಲ್ಲಿ ನೀರಿನ ತಂಬಿಗೆಯನ್ನೂ ಎತ್ತಿಕೊಳ್ಳುವುದಿಲ್ಲ ಎಂಬುದು ಮಧ್ಯಾಹ್ನಕ್ಕೆ ಮೊದಲೇ ಇಡೀ ಹೊಲಕ್ಕೆ ಗೊತ್ತಾಯಿತು.

ಊಟದ ಹೊತ್ತಿಗೆ ಬೋರವ್ವ ಮಜ್ಜಿಗೆಯ ಗಡಿಗೆ ಹೊತ್ತು ಬಂದಳು. ಶಂಕ್ರೆವ್ವ ಬಿಜಾಪುರದಿಂದ ತಂದ ಬುತ್ತಿ ಬಿಚ್ಚಿದಳು: ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಶಿವಯೋಗೆಪ್ಪನಿಗೆ ಬೊಬ್ಬೆ ಎದ್ದ ಕೈಯಲ್ಲಿ ರೊಟ್ಟಿ ಮುರಿಯಲು ಆಗಲಿಲ್ಲ. ಹೆಂಡತಿಯೇ ಮುರಿದು ಕೊಟ್ಟಳು. ಆದರೆ ಹಸಿವು ಮಾತ್ರ ಹರೆಯದ್ದು. ಉಂಡು, ಮಜ್ಜಿಗೆ ಕುಡಿದು, "ಒಂದು ಕ್ಷಣ ಬೆನ್ನು ಚಾಚತೀನಿ," ಎಂದು ನೆರಳಲ್ಲಿ ಒರಗಿದ.

ಎದ್ದಾಗ ನೆರಳು ಅವನನ್ನು ಬಿಟ್ಟು ಬಹಳ ದೂರ ಹೋಗಿತ್ತು. ಕಣ್ಣುಜ್ಜಿ ನೋಡಿದರೆ ಹೊಲವೆಲ್ಲ ಬಯಲು. ಕಿತ್ತ ಜೋಳ ಸಾಲುಸಾಲಾಗಿ ಮಲಗಿತ್ತು. ನಡುವೆ ಒಂದು ಪಟ್ಟಿ ಮಾತ್ರ, ಬೋಳಿಸಿದ ತಲೆಯ ಮೇಲಿನ ಜುಟ್ಟಿನಂತೆ, ಗಾಳಿಗೆ ತೂಗಾಡುತ್ತ ನಿಂತಿತ್ತು. ಅದು ಅವನ ಸಾಲು. ಎತ್ತು ಹೊಡೆದುಕೊಂಡು ಹಳ್ಳಕ್ಕೆ ಹೋದ ಮಲಕಾಜಪ್ಪನನ್ನು ಬಿಟ್ಟು ಉಳಿದವರೆಲ್ಲ ತಮ್ಮ ಕೆಲಸ ಮುಗಿಸಿ, ಬಯಲಾಟ ನೋಡಲು ಬಂದವರಂತೆ ಬದುವಿನ ಮೇಲೆ ಸಾಲಾಗಿ ಕುಳಿತಿದ್ದರು.

"ಎಬ್ಬಸಬಾರದೇನ?" ಎಂದು ಹೆಂಡತಿಯ ಮೇಲೆ ಹರಿಹಾಯ್ದ.

"ಎಬ್ಬಿಸಿದೆ. 'ಅಂಗಡಿ ಬಾಗಲಾ ಹಾಕೇತಿ, ನಾಳೆ ಬಾ' ಅಂದ್ರಿ."

ಬದುವಿನ ಮೇಲೆ ನಗು ಉಕ್ಕಿತು. ಆ ನಗುವಿಗೆ ಶಿವಯೋಗೆಪ್ಪನಿಗೆ ಸಿಟ್ಟು ಬಂತು. ಇಷ್ಟು ವರ್ಷ ಗಿರಾಕಿಗಳ ಮುಂದೆ ನುಂಗಿಕೊಂಡ ಸಿಟ್ಟೆಲ್ಲ ಒಟ್ಟಿಗೆ ಬಂದಿತೋ ಏನೋ, ಅವನು ಹೋಗಿ ದಂಟು ಹಿಡಿದ. ಜಗ್ಗಿದ, ಬಡಿದ, ಹಾಕಿದ. ಜಗ್ಗಿದ, ಬಡಿದ, ಹಾಕಿದ. ಸಿಟ್ಟಿನಲ್ಲಿ ಹೊಟ್ಟೆ ಮರೆತುಹೋಯಿತು, ಬೊಬ್ಬೆ ಮರೆತುಹೋಯಿತು. ಕೈಗಳಿಗೆ ತಾವಾಗಿಯೇ ಹಳೆಯ ವರಸೆ ನೆನಪಾಯಿತು. ನಗುತ್ತಿದ್ದವರು ಒಬ್ಬೊಬ್ಬರಾಗಿ ಕತ್ತು ಚಾಚಿ ನೋಡತೊಡಗಿದರು.

ಎಲ್ಲಿಯವರೆಗೆ ಕೀಳಬೇಕೆಂದು ಅವನು ಯಾರನ್ನೂ ಕೇಳಲಿಲ್ಲ. ಈ ನೆಲದಲ್ಲಿ ಬೆಳೆದವನು ಕೇಳುತ್ತಾನೆಯೇ? ಜಾಲಿಗಿಡ ಅಮಸಿದ್ದನ ಹೊಲದ ಗಡಿ. ಒಮ್ಮೆ ಮಾತ್ರ ತಲೆ ಎತ್ತಿದ. ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಆದರೂ ಮುಂದೆ ಜಾಲಿಗಿಡ ಕಪ್ಪಗೆ ಕಂಡಿತು. ಮತ್ತೆ ಬಗ್ಗಿದ. ಬರಬರುತ್ತ ದಂಟುಗಳು ಗಟ್ಟಿಯಾದವು, ಹಸಿಯಾದವು. ದಣಿವಿಗೆ ಹಾಗನ್ನಿಸುತ್ತದೆ ಎಂದುಕೊಂಡು ಇನ್ನೂ ಜೋರಾಗಿ ಜಗ್ಗಿದ. ಕೊನೆಗೆ ಜಾಲಿಗಿಡಕ್ಕೆ ಬೆನ್ನು ಹಚ್ಚಿ ನಿಂತು, ಗೆದ್ದ ಪೈಲ್ವಾನನಂತೆ ಎರಡೂ ಕೈ ಎತ್ತಿದ.

ಅದೇ ಹೊತ್ತಿಗೆ ಎತ್ತುಗಳಿಗೆ ಹಳ್ಳದಲ್ಲಿ ನೀರು ಕುಡಿಸಿಕೊಂಡು ಮಲಕಾಜಪ್ಪ ಬಂದ.

"ಏ ಏ ಏ! ಯಾವಂವಲೇ ಅಂವ ನನ್ನ ಜ್ವಾಳದಾಗ!"

ಶಿವಯೋಗೆಪ್ಪ ಸುತ್ತ ನೋಡಿದ. ಎಡಕ್ಕೂ ಬಲಕ್ಕೂ ಹಸಿರು ಜೋಳ. ನಡುವೆ ತಾನು ತೆಗೆದ ಹೊಸ ದಾರಿ.

"ಜಾಲಿಗಿಡದ ತನಕಾ ಅಮಸಿದ್ದಂದಲ್ಲೇನೋ?"

"ಆ ಜಾಲಿ ಕಡದು, ನೇಗಿಲ ಗಳೇ ಮಾಡಿ, ಆ ಗಳೇ ಮುರದು, ಒಲಿಗೆ ಹಾಕಿ ಎಷ್ಟ ವರ್ಷಾತೋ ಮಾರಾಯಾ! ಇದು ನನ್ನ ಹೊಲದಾಗ ಹುಟ್ಟಿದ ಗಿಡ! ಜ್ವಾಳಾ ತಡಾ ಮಾಡಿ ಬಿತ್ತೇನಿ, ಕಾಳು ಇನ್ನೂ ಹಾಲು ಐತಿ!" ಮಲಕಾಜಪ್ಪ ಒಂದು ತೆನೆ ಎತ್ತಿ ಚಿವುಟಿ ಎಲ್ಲರಿಗೂ ಹಿಡಿದ. "ನೀವೆಲ್ಲಾ ಕುಂತು ನೋಡಾಕತ್ತೀರಿ, ಒಬ್ಬರರೆ ಬ್ಯಾಡ ಅನ್ನಬಾರದ?"

"ಅನ್ನಬೇಕಂತ ಬಾಯಿ ತಗದೆ ಮಲಕಾಜಣ್ಣಾ," ಎಂದ ಅಮಸಿದ್ದ ತಲೆ ಕೆರೆದುಕೊಳ್ಳುತ್ತ. "ಖರೆ, ಭಾಳ ಚಂದ ಕೀಳಾಕತ್ತಿದ್ದ. ತಡಿಯಾಕ ಮನಸಾಗ್ಲಿಲ್ಲ."

ಶಿವಯೋಗೆಪ್ಪ ಕಿತ್ತ ಜೋಳದ ಮೇಲೆಯೇ ಕುಳಿತ. ಬರಬೇಕಿದ್ದ ನಾಲ್ವರು ಹಿರಿಯರಲ್ಲಿ ಎಲ್ಲರಿಗಿಂತ ಹಿರಿಯನ ಬೆಳೆಯನ್ನೇ ಕಿತ್ತು ಹಾಕಿದ ಮೇಲೆ ಇನ್ನು ಯಾವ ನಿಶ್ಚಯ?

ಆಗ ಬೋರವ್ವ ಖಾಲಿ ಗಡಿಗೆ ಪಕ್ಕಕ್ಕಿಟ್ಟು ಎದ್ದಳು. "ಸುಮ್ನಿರೋ ಮಲಕಾಜಿ. ಇಂವ ಮೈ ಮುರದು ದುಡದಾನೋ ಇಲ್ಲೋ?"

"ದುಡದಾನ..."

"ನಿನ್ನ ಹೊಲದಾಗ ದುಡದಾನೋ ಇಲ್ಲೋ?"

"ಹಸಿ ಜ್ವಾಳಾ ಕಿತ್ತಾನ ಬೇ ಯವ್ವಾ!"

"ಹಸಿದೋ ಬಲತದ್ದೋ, ಮೈಗೆ ಏನ ಗೊತ್ತು? ಹಸಿ ಕಣಿಕಿ ಮೇವು ನಿನ್ನ ಎತ್ತು ಬ್ಯಾಡ ಅಂತಾವೇನು? ನಿನ್ನ ಹೊಲದಾಗ ಒಬ್ಬ ದುಡದ ಅಂದಮ್ಯಾಲೆ ಮುಯ್ಯಾ ನಿನ್ನ ತಲಿ ಮ್ಯಾಲೆ ಬಂತು. ಗುರುವಾರ ಹೋಗಿ ತೀರಸು."

"ನಾ ಕರದಿಲ್ಲ, ಹೇಳಿಲ್ಲ, ಮುಯ್ಯಾ ಹ್ಯಾಂಗ ಬರತೈತಿ?"

ಬದುವಿನ ಮೇಲೆ ದೊಡ್ಡ ಚರ್ಚೆಯಾಯಿತು. ಕರೆಯದೆ ಮಾಡಿದ್ದು ಮುಯ್ಯಾ ಅಲ್ಲ ಎಂದರು ಕೆಲವರು. ಕರೆಯದೆ ಬಂದ ಮಳೆಯನ್ನು ಬೇಡವೆನ್ನುತ್ತೀರಾ ಎಂದರು ಕೆಲವರು. ಅದನ್ನು ಹೇಳಿದವರನ್ನು ಮಲಕಾಜಪ್ಪ ಹೊಡೆಯಲು ಹೋದ. ಕೊನೆಗೆ ಹೊತ್ತು ಮುಳುಗಿತು, ಎತ್ತುಗಳು ಮನೆಯ ಕಡೆ ಜಗ್ಗಿದವು. ಬೋರವ್ವನ ಮಾತನ್ನು ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಅಮಸಿದ್ದ ಗೆಳೆಯನನ್ನು ಕೈಹಿಡಿದು ಎಬ್ಬಿಸಿದ. "ನಂದು ನಿಂದು ಸಮಾ ಆತು. ಇನ್ನ ನಾ ನಿಶ್ಚಯಕ್ಕ ಬಂದ್ರ ಅದು ಹೊಸಾ ಮುಯ್ಯಾ. ಮುಂದಿನ ತಿಂಗಳ ನನ್ನ ಮೊಮ್ಮಗನ ತೊಟ್ಟಲಾ ಐತಿ. ಬರ್ತಿ?"

"ಬರ್ತೀನಿ."

"ಆವಾಗೂ ಹಿಂಗ ಅಂದಿದ್ದಿ."

"ನಾ ಕರಕೊಂಡು ಬರ್ತೀನಿ ಅಣ್ಣಾ," ಎಂದಳು ಶಂಕ್ರೆವ್ವ. "ಆವಾಗ ನನ್ನ ಕೈಯಾಗ ಕೊಡಾ ಇರೂದಿಲ್ಲ. ಇವರ ಕಿವಿ ಇರತೈತಿ."

ಗುರುವಾರ ಜೋರಾಪುರ ಪೇಟೆಯ ಮನೆಯಲ್ಲಿ ಜಮಖಾನ ಹಾಸಿತ್ತು. ಬಿಳಿಹಾಳದಿಂದ ಅಮಸಿದ್ದ, ಇನ್ನಿಬ್ಬರು ಹಿರಿಯರು, ಮತ್ತು ಹೊಸ ರುಮಾಲು ಸುತ್ತಿದರೂ ಹಳೆಯ ಸಿಟ್ಟು ಇಳಿಯದ ಮಲಕಾಜಪ್ಪ ಬಂದಿದ್ದರು. ಶಿವಯೋಗೆಪ್ಪನ ಎರಡೂ ಕೈಗೆ ಅರಿಶಿನದ ಪಟ್ಟಿ. ಬೀಗರಿಗೆ ಕೈ ಜೋಡಿಸಲೂ ಬರುತ್ತಿರಲಿಲ್ಲ. ಅವನು ಅಮಸಿದ್ದನನ್ನು ಮುಂದೆ ಕೂರಿಸಿ, ಮಲಕಾಜಪ್ಪನನ್ನು ಮೂಲೆಗೆ ಸರಿಸಿ, "ಅಂವನ ಬಾಯಿಗೆ ಏನರೆ ಕೊಡ್ತಾನ ಇರು," ಎಂದು ಹೆಂಡತಿಗೆ ಹೇಳಿಟ್ಟಿದ್ದ.

ಅಮರಪ್ಪ ನಾಲ್ವರನ್ನೂ ನಿಧಾನವಾಗಿ ನೋಡಿದ. ಸಂತೆಯಲ್ಲಿ ಎತ್ತು ನೋಡುವವನ ಕಣ್ಣು ಅದು.

"ಸಂತ್ಯಾಗ ರುಮಾಲ ಸುತ್ತಿದವ್ರು ಭಾಳ ಸಿಗತಾರ," ಎಂದ. ಎದ್ದು ನೇರ ಮೂಲೆಗೆ ಹೋಗಿ ಮಲಕಾಜಪ್ಪನ ಮುಂದೆ ಕುಳಿತ. "ಯಜಮಾನ್ರ, ನೀವು ಹೇಳ್ರಿ. ಈ ಮನಶ್ಯಾ ಖರೇನ ನಿಮ್ಮೂರವನ ಏನು?"

ಮಲಕಾಜಪ್ಪನ ಬಾಯಲ್ಲಿ ಚಕ್ಕಲಿ ಇತ್ತು. ಅವನು ಅದನ್ನು ಗಡಬಡಿಸಿ ನುಂಗಿದ.

"ಊರವನ ಅಂತ ಕೇಳ್ತೀರಿ? ನನ್ನ ಹಸಿ ಜ್ವಾಳಾ ಕಿತ್ತಾನ್ರಿ ಈ ಭಾಡ್ಯಾ!"

ಬಾಗಿಲ ಸಂದಿಯಲ್ಲಿ ಅಕ್ಕನಾಗಮ್ಮ ಕಣ್ಣು ಮುಚ್ಚಿಕೊಂಡಳು. ಶಿವಯೋಗೆಪ್ಪ ಪಟ್ಟಿ ಕಟ್ಟಿದ ಕೈಗಳಿಂದ ಮುಖ ಮುಚ್ಚಿಕೊಂಡ.

"ಹಸೀದೇನ್ರಿ?" ಎಂದ ಅಮರಪ್ಪ, ಒಕ್ಕಲುತನದ ಮನುಷ್ಯ, ಮುಂದೆ ಸರಿಯುತ್ತ. "ಕಾಳು?"

"ಹಾಲ್ರೀ! ಚಿವುಟಿದ್ರ ಹಾಲು!"

"ಅರರರ. ಮತ್ತ ಇಲ್ಲಿಗೆ ಯಾಕ ಬಂದೀರಿ?"

"ಬರಲಾರದ ಏನ ಮಾಡ್ಲಿ? ಬ್ಯಾರೆ ಊರವ ಆಗಿದ್ರ ಅಲ್ಲೇ ಕಾಲು ಮುರದು ಕಳಸ್ತಿದ್ದೆ. ಇಂವ ನಮ್ಮೂರವ. ಮ್ಯಾಲೆ ನನ್ನ ತಲಿಗೆ ಮುಯ್ಯಾ ಬ್ಯಾರೆ ಹೊರಿಸ್ಯಾನ."

ಅಮರಪ್ಪ ಒಂದು ಗಳಿಗೆ ಶಿವಯೋಗೆಪ್ಪನ ಕೈಪಟ್ಟಿಗಳನ್ನು ನೋಡಿದ, ಮಲಕಾಜಪ್ಪನ ಮೀಸೆಯನ್ನು ನೋಡಿದ. ಆಮೇಲೆ ಒಳಮನೆಗೆ ಕೇಳುವಂತೆ ಕೂಗಿ ಹೇಳಿದ:

"ಸಕ್ರಿ ತರ್ರಿ ಯವ್ವಾ."

ಸಕ್ಕರೆ ಬಂತು. ಮೊದಲ ಚಿಟಿಕೆಯನ್ನು ಅಮರಪ್ಪ ತನ್ನ ಬಾಯಿಗೆ ಹಾಕಿಕೊಂಡು, ಎರಡನೆಯದನ್ನು ಮಲಕಾಜಪ್ಪನ ಬಾಯಿಗೆ ಹಾಕಿದ. ಮಲಕಾಜಪ್ಪ ಸಕ್ಕರೆ ಕರಗುವವರೆಗೂ ಕಾಯಲಿಲ್ಲ.

"ನಾ ಎತ್ತಿಗೆ ನೀರ ಕುಡಸಾಕ ಹೋಗಿದ್ನಿ ನೋಡ್ರಿ ಬೀಗರ..." ಎಂದು ಮೊದಲಿನಿಂದ ಶುರುಮಾಡಿದ. ಅಮರಪ್ಪ ಗೋಡೆಗೆ ಒರಗಿ, ಕಾಲು ಚಾಚಿ, ಅಡಿಕೆ ಕತ್ತರಿಸುತ್ತ, "ಹೂಂ, ಆಮ್ಯಾಲೆ?" ಎಂದ.